ಆಗುವುದಿಲ್ಲ ಅನ್ನಿ, ಯಾಕೆ ಅಂತಲೂ ಹೇಳಿ

"ಸರ್ವರ್ ಡೌನ್ ಇದೆ, ನಾಳೆ ಬನ್ನಿ." ಬ್ಯಾಂಕು, ಪಡಿತರ ಅಂಗಡಿ, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರು, ಕಾಲೇಜಿನ ಫೀಸು ಕಟ್ಟುವ ಕಿಟಕಿ, ಎಲ್ಲಾದರೂ ಒಂದು ಕಡೆ ಈ ಮಾತು ಕೇಳದವರು ನಮ್ಮಲ್ಲಿ ಕಡಿಮೆ. ಮುಂಬೈಯಲ್ಲಿ ಹಿಂದಿಯಲ್ಲೋ ಮರಾಠಿಯಲ್ಲೋ ಕೇಳುತ್ತೇವೆ, ಚೆನ್ನೈಯಲ್ಲಿ ತಮಿಳಿನಲ್ಲಿ, ಊರಿಗೆ ಹೋದಾಗ ಕನ್ನಡದಲ್ಲಿ. "ಸರ್ವರ್ ಡೌನ್" ಎಂಬ ಎರಡು ಪದ ಮಾತ್ರ ಎಲ್ಲ ಕಡೆಯೂ ಒಂದೇ. ಸರ್ವರ್ ನಿಜಕ್ಕೂ ಮಲಗಿರುವ ದಿನಗಳು ಇರುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಎಷ್ಟೋ ಸಲ ಅದು ನೆಟ್ಟಗೇ ಇರುತ್ತದೆ. ಕೇಳಿದ್ದನ್ನು ಕೇಳಿಸಿಕೊಂಡಿರುತ್ತದೆ, ಲೆಕ್ಕ ತೆಗೆದು ನೋಡಿರುತ್ತದೆ, "ಇದು ಆಗುವುದಿಲ್ಲ, ಕಾರಣ ಇಂಥದ್ದು" ಎಂದು ಉತ್ತರವನ್ನೂ ಕೊಟ್ಟಿರುತ್ತದೆ. ಆ ಉತ್ತರ ಕೌಂಟರಿನ ಪರದೆಗೆ ಬರುವಷ್ಟರಲ್ಲಿ ಕಾರಣ ದಾರಿಯಲ್ಲೇ ಉದುರಿ, "ಆಗುವುದಿಲ್ಲ" ಮಾತ್ರ ಉಳಿದಿರುತ್ತದೆ.

ಈ ಬರಹ ಹಾಗೆ ಉದುರಿಹೋಗುವ ಕಾರಣದ ಬಗ್ಗೆ. ವಿಷಯ ಸ್ವಲ್ಪ ತಾಂತ್ರಿಕವಾದದ್ದು. ಡೇಟಾಬೇಸಿನೊಳಗಿನ ಸ್ಟೋರ್ಡ್ ಪ್ರೊಸೀಜರ್ ತನ್ನ ಉತ್ತರವನ್ನೂ ತಕರಾರನ್ನೂ ಹೊರಗೆ ಹೇಗೆ ಕಳಿಸುತ್ತದೆ, ಅದನ್ನು ಕರೆದವರು ಅವನ್ನು ಹೇಗೆ ಪಡೆದುಕೊಳ್ಳಬೇಕು, ಯಾಕೆ ಪಡೆದುಕೊಳ್ಳುವುದಿಲ್ಲ ಎಂಬುದು. ನಾನು ಪ್ರೋಗ್ರಾಮರ್ ಅಲ್ಲ. ಭಾಷಾಶಾಸ್ತ್ರ ಓದಿ, ಅನುವಾದ ಮಾಡಿಕೊಂಡು ಬದುಕುತ್ತಿರುವವಳು. ಕೆಲವು ವರ್ಷಗಳಿಂದ ನನ್ನ ಕೆಲಸದ ದೊಡ್ಡ ಪಾಲು ಸಾಫ್ಟ್‌ವೇರಿನ ಎರರ್ ಸಂದೇಶಗಳನ್ನು ಕನ್ನಡಕ್ಕೆ ತರುವುದು. ಒಂದೊಂದು ಸಂದೇಶವನ್ನೂ ಹಿಡಿದು "ಇದು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ" ಎಂದು ಕೇಳುತ್ತಾ ಹೋದವಳು ಕೊನೆಗೆ ಡೇಟಾಬೇಸಿನ ಬಾಗಿಲಿಗೆ ಬಂದು ನಿಂತೆ. ಈ ಪತ್ರದ ಚಂದಾದಾರರಲ್ಲಿ ಅಂಥ ಬಾಗಿಲುಗಳ ಒಳಗೆ ಕೆಲಸ ಮಾಡುವವರು ಸಾಕಷ್ಟು ಮಂದಿ ಇರಬಹುದು. ಅವರಿಗೂ, ಬಾಗಿಲ ಹೊರಗೆ ಸರದಿಯಲ್ಲಿ ನಿಲ್ಲುವ ಉಳಿದವರಿಗೂ ನಾನು ಹೇಳಬೇಕೆಂದಿರುವುದು ಒಂದೇ. ನಿರಾಕರಿಸುವ ಅಧಿಕಾರ ಇರುವ ಯಾವ ವ್ಯವಸ್ಥೆಗೂ ಕಾರಣ ಹೇಳುವ ಹೊಣೆ ಇರಬೇಕು. ಆ ಹೊಣೆ ಡೇಟಾಬೇಸಿನ ಒಳಗೇ ಶುರುವಾಗಬೇಕು, ಓದುವವರ ಭಾಷೆಯಲ್ಲಿ ಮುಗಿಯಬೇಕು.

ಒಳಕೋಣೆಯ ಗುಮಾಸ್ತ

ಸ್ಟೋರ್ಡ್ ಪ್ರೊಸೀಜರ್ ಎಂದರೆ ಡೇಟಾಬೇಸಿನಲ್ಲೇ ಬರೆದು ಇಟ್ಟಿರುವ ಆದೇಶಗಳ ಕಟ್ಟು. ಒಂದು ಪತ್ತಿನ ಸಹಕಾರ ಸಂಘವನ್ನು ಊಹಿಸಿಕೊಳ್ಳಿ. ಸದಸ್ಯರೊಬ್ಬರು ಉಳಿತಾಯ ಖಾತೆಯಿಂದ ಹಣ ತೆಗೆಯಲು ಬಂದಿದ್ದಾರೆ. ಕೌಂಟರಿನ ಕಂಪ್ಯೂಟರು ತಾನೇ ಖಾತೆಗಳನ್ನು ಮುಟ್ಟುವುದಿಲ್ಲ; ಒಳಗಿರುವ ಪ್ರೊಸೀಜರನ್ನು ಕರೆದು ಖಾತೆ ಸಂಖ್ಯೆ, ಮೊತ್ತ ಎರಡನ್ನೂ ಕೊಡುತ್ತದೆ. ಪ್ರೊಸೀಜರ್ ಒಳಕೋಣೆಯ ಗುಮಾಸ್ತನ ಹಾಗೆ ಒಂದೊಂದಾಗಿ ನೋಡುತ್ತದೆ. ಇಂಥ ಖಾತೆ ಇದೆಯೇ? ಚಾಲ್ತಿಯಲ್ಲಿದೆಯೇ? ಕೆವೈಸಿ ದಾಖಲೆಯ ಅವಧಿ ಮುಗಿದಿಲ್ಲವಷ್ಟೇ? ಅಷ್ಟು ಹಣ ಇದೆಯೇ? ಎಲ್ಲ ಸರಿಯಿದ್ದರೆ ಹಣ ಕಳೆದು ಲೆಕ್ಕ ಬರೆಯುತ್ತದೆ, ಒಂದು ಸರಿಯಿಲ್ಲದಿದ್ದರೂ ನಿಲ್ಲಿಸುತ್ತದೆ. ಎರಡೂ ಸಂದರ್ಭದಲ್ಲಿ ಹೊರಗೆ ಉತ್ತರ ಕೊಡಬೇಕು.

ಬಹಳ ಕಡೆ ಬಳಕೆಯಲ್ಲಿರುವ ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಅನ್ನೇ ತೆಗೆದುಕೊಂಡರೆ, ಉತ್ತರ ಕೊಡಲು ಮುಖ್ಯವಾಗಿ ಮೂರು ದಾರಿ. ಮೊದಲನೆಯದು ರಿಟರ್ನ್ ವ್ಯಾಲ್ಯೂ. ಇದು ಬರೀ ಒಂದು ಪೂರ್ಣಾಂಕ. 0 ಎಂದರೆ ಎಲ್ಲ ಸರಿ ಎಂಬುದು ರೂಢಿ. ಉಳಿದ ಸಂಖ್ಯೆಗಳಿಗೆ ಬರೆದವರು ಕೊಟ್ಟದ್ದೇ ಅರ್ಥ. 1 ಎಂದರೆ ಖಾತೆ ಇಲ್ಲ, 2 ಎಂದರೆ ಖಾತೆ ಮುಚ್ಚಿದೆ, 3 ಎಂದರೆ ಕೆವೈಸಿ ಅವಧಿ ಮುಗಿದಿದೆ, 4 ಎಂದರೆ ಹಣ ಸಾಲದು, ಹೀಗೆ. ಎರಡನೆಯದು ಔಟ್‌ಪುಟ್ ಪ್ಯಾರಾಮೀಟರ್. ಇದರಲ್ಲಿ ಸಂಖ್ಯೆ, ಪಠ್ಯ, ದಿನಾಂಕ ಏನು ಬೇಕಾದರೂ ತುಂಬಿ ಕಳಿಸಬಹುದು; ಹಣ ತೆಗೆದ ಮೇಲೆ ಖಾತೆಯಲ್ಲಿ ಎಷ್ಟು ಉಳಿಯಿತು ಎಂಬುದನ್ನು ಕಳಿಸಲು ಇದೇ ಸರಿಯಾದ ದಾರಿ. ಮೂರನೆಯದು ಎರರ್ ಎತ್ತುವುದು. ಅಂದರೆ ಸಂಖ್ಯೆ, ತೀವ್ರತೆ, ಸಂದೇಶ ಎಲ್ಲವನ್ನೂ ಕಟ್ಟಿ, ಕರೆದವರ ಮುಂದೆ ಎಸೆಯುವುದು. ಇದಕ್ಕೆ ಹಳೆಯ ಆದೇಶ ರೈಸ್‌ಎರರ್. 2012ರ ಆವೃತ್ತಿಯಿಂದ ಥ್ರೋ ಎಂಬುದೂ ಇದೆ.

ಒರಾಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಗಳಲ್ಲಿ ಹೆಸರು, ವಿಧಾನ ಬೇರೆಯಿರಬಹುದು. ಒಳಗೆ ಕಂಡ ಕಾರಣವನ್ನು ಹೊರಗೆ ಕಳಿಸಲು ದಾರಿ ಮಾತ್ರ ಎಲ್ಲದರಲ್ಲೂ ಇದೆ. ಅಂದರೆ ಕಾರಣ ಕಾಣೆಯಾಗುವುದು ಯಂತ್ರಕ್ಕೆ ಬಾಯಿಲ್ಲದ್ದರಿಂದ ಅಲ್ಲ.

ದಾರಿಯಲ್ಲಿ ಉದುರುವ ಬಗೆ

ಹಾಗಾದರೆ ಎಲ್ಲಿ ಕಾಣೆಯಾಗುತ್ತದೆ? ಒಂದೊಂದಾಗಿ ನೋಡೋಣ. ಪ್ರೋಗ್ರಾಮರುಗಳು ಮನ್ನಿಸಬೇಕು, ಇದು ನಿಮಗೆ ಗೊತ್ತಿರುವ ಪಟ್ಟಿಯೇ. ಗೊತ್ತಿದ್ದೂ ನಡೆಯುತ್ತಿದೆ ಎಂಬುದೇ ನನ್ನ ತಕರಾರು.

ರಿಟರ್ನ್ ವ್ಯಾಲ್ಯೂ ಕೇಳಿದವರಿಗೆ ಮಾತ್ರ ಸಿಗುತ್ತದೆ. ಕರೆಯುವ ಪ್ರೋಗ್ರಾಮು "ನೀನು ಹಿಂತಿರುಗಿಸುವ ಸಂಖ್ಯೆಯನ್ನು ಇದರಲ್ಲಿ ಹಾಕು" ಎಂದು ಪ್ರತ್ಯೇಕವಾಗಿ ಒಂದು ಪಾತ್ರೆ ಹಿಡಿಯಬೇಕು. ಹಿಡಿಯದಿದ್ದರೆ ಪ್ರೊಸೀಜರ್ 3 ಎಂದು ಹೇಳಿದ್ದು ನೆಲಕ್ಕೆ ಬೀಳುತ್ತದೆ, ಯಾರೂ ಗದರುವುದಿಲ್ಲ. ಔಟ್‌ಪುಟ್ ಪ್ಯಾರಾಮೀಟರನ್ನು ಎರಡು ಕಡೆ ಹೇಳಬೇಕು, ಪ್ರೊಸೀಜರ್ ಬರೆಯುವಾಗ ಒಮ್ಮೆ, ಕರೆಯುವಾಗ ಇನ್ನೊಮ್ಮೆ. ಕರೆಯುವಾಗ ಆ ಪದ ಬಿಟ್ಟುಹೋದರೆ ಎಲ್ಲ ಸುಸೂತ್ರವಾಗಿ ನಡೆಯುತ್ತದೆ. ಬೆಲೆ ಮಾತ್ರ ಹಿಂದಕ್ಕೆ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ.

ಹೊತ್ತಿನ ಸಮಸ್ಯೆಯೂ ಇದೆ. ಡಾಟ್‌ನೆಟ್‌ನಿಂದ ಕರೆಯುವವರು ಪ್ರೊಸೀಜರ್ ಕೊಟ್ಟ ಸಾಲುಗಳನ್ನು ರೀಡರ್ ಎಂಬ ಸಾಧನದಿಂದ ಓದುತ್ತಾರೆ. ಆ ರೀಡರನ್ನು ಮುಚ್ಚುವವರೆಗೆ ರಿಟರ್ನ್ ವ್ಯಾಲ್ಯೂ, ಔಟ್‌ಪುಟ್ ಪ್ಯಾರಾಮೀಟರ್ ಎರಡೂ ಕೈಗೆ ಸಿಗುವುದಿಲ್ಲ, ಯಾಕೆಂದರೆ ಸರ್ವರ್ ಅವನ್ನು ಕಳಿಸುವುದೇ ಸಾಲುಗಳ ನಂತರ. ಅವಸರದಲ್ಲಿ ಮೊದಲೇ ಇಣುಕಿದವರಿಗೆ ಖಾಲಿ ಪಾತ್ರೆ ಕಾಣುತ್ತದೆ. ಹಾಗೆಯೇ ಮೊದಲ ಪಟ್ಟಿಯನ್ನು ಓದಿ ಎದ್ದುಹೋದವರಿಗೆ ಅದರ ನಂತರ ಎದ್ದ ಎರರ್ ಕಾಣದೆ ಹೋಗಬಹುದು.

ಇನ್ನು ತೀವ್ರತೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ತೀವ್ರತೆ 10 ಅಥವಾ ಅದಕ್ಕಿಂತ ಕಡಿಮೆ ಇರುವ ಸಂದೇಶ ಬರೀ ಮಾಹಿತಿ. ಅದು ಕೆಲಸವನ್ನು ನಿಲ್ಲಿಸುವುದಿಲ್ಲ, ಹಿಡಿಯುವ ಬಲೆಗೂ ಬೀಳುವುದಿಲ್ಲ. 11ರಿಂದ ಮೇಲಿನದಷ್ಟೇ ನಿಜವಾದ ಎರರ್. 20 ಮುಟ್ಟಿದರೆ ಸಂಪರ್ಕವೇ ಕಡಿದುಹೋಗುತ್ತದೆ. ಯಾರೋ 16 ಎಂದು ಬರೆಯಬೇಕಾದಲ್ಲಿ 10 ಎಂದು ಬರೆದಿದ್ದರೆ, "ಕೆವೈಸಿ ಅವಧಿ ಮುಗಿದಿದೆ" ಎಂಬ ಮಾತು ಮೂಲೆಯಲ್ಲಿ ಗೊಣಗಿದಂತೆ ಬಂದು ಹೋಗುತ್ತದೆ.

ಇವೆಲ್ಲ ಮರೆವಿನಿಂದ ಆಗುವಂಥವು. ಬೇಕೆಂದೇ ಮಾಡುವುದು ಇನ್ನೊಂದಿದೆ. 2005ರ ಆವೃತ್ತಿಯಲ್ಲಿ ಟ್ರೈ-ಕ್ಯಾಚ್ ಬಂತು. ಟ್ರೈ ಒಳಗಿನ ಕೆಲಸದಲ್ಲಿ ಎರರ್ ಎದ್ದರೆ ಹಿಡಿತ ಕ್ಯಾಚ್ ಭಾಗಕ್ಕೆ ಹೋಗುತ್ತದೆ. ಅಲ್ಲಿ ಎರರಿನ ಸಂಖ್ಯೆ, ಸಂದೇಶ, ಎದ್ದ ಪ್ರೊಸೀಜರಿನ ಹೆಸರು, ಸಾಲಿನ ಸಂಖ್ಯೆ ಎಲ್ಲವನ್ನೂ ಕೇಳಿ ಪಡೆಯಬಹುದು. ಮೊದಲು ಪ್ರತಿ ಸಾಲಿನ ನಂತರವೂ ನಿಂತು "ಈಗೇನಾದರೂ ತಪ್ಪಾಯಿತೇ" ಎಂದು ಕೇಳಬೇಕಿತ್ತು, ಮುಂದಿನ ಸಾಲು ನಡೆದರೆ ಹಿಂದಿನ ತಪ್ಪಿನ ಗುರುತು ಅಳಿಸಿಹೋಗುತ್ತಿತ್ತು. ಆ ಕಷ್ಟ ತಪ್ಪಿತು. ಆದರೆ ಒಮ್ಮೆ ಹಿಡಿದ ಎರರ್ ಮತ್ತೆ ಎಸೆಯದ ಹೊರತು ಹೊರಗೆ ಹೋಗುವುದಿಲ್ಲ. ಕ್ಯಾಚ್ ಭಾಗದಲ್ಲಿ "ಮೈನಸ್ 1 ಹಿಂತಿರುಗಿಸು" ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಹತ್ತು ಬಗೆಯ ಕಾರಣಗಳು ಒಂದೇ ಅಂಕಿಯಲ್ಲಿ ಮುಳುಗುತ್ತವೆ.

ಒರಾಕಲ್ ಬಳಸುವವರಲ್ಲಿ ಇದಕ್ಕಿಂತ ಕುಖ್ಯಾತವಾದ ಒಂದು ಸಾಲಿದೆ. "ಬೇರೆ ಏನೇ ಆದರೂ, ಏನೂ ಮಾಡಬೇಡ" ಎಂಬ ಅರ್ಥದ ವೆನ್ ಅದರ್ಸ್ ದೆನ್ ನಲ್. ತಪ್ಪು ನಡೆಯುತ್ತದೆ, ಪ್ರೊಸೀಜರ್ ಮುಗುಳ್ನಗುತ್ತಾ ಹೊರಗೆ ಬರುತ್ತದೆ. ಇದರ ಹಾವಳಿ ಎಷ್ಟಿತ್ತೆಂದರೆ, ಒರಾಕಲ್ 11ಜಿ ಆವೃತ್ತಿಯಲ್ಲಿ ಹಾಗೆ ನುಂಗಿಬಿಡುವ ಕೋಡನ್ನು ಗುರುತಿಸುವ ಎಚ್ಚರಿಕೆಯನ್ನೇ ಕಂಪೈಲರಿಗೆ ಸೇರಿಸಲಾಯಿತು. ಎಚ್ಚರಿಕೆಗಳನ್ನು ಚಾಲೂ ಮಾಡಿಟ್ಟುಕೊಂಡವರಿಗೆ ಮಾತ್ರ ಅದು ಕಾಣುತ್ತದೆ, ಆ ಮಾತು ಬೇರೆ.

ಇಷ್ಟೆಲ್ಲ ದಾಟಿ ಕಾರಣ ಹೊರಗೆ ಬಂದಿತೆನ್ನಿ. ಪರದೆ ಬರೆದವರು ಅಲ್ಲಿ ಕುಳಿತಿರುತ್ತಾರೆ. ಅವರ ಬಳಿ ಎಲ್ಲ ರೋಗಕ್ಕೂ ಒಂದೇ ಔಷಧ: "ಏನೋ ತಪ್ಪಾಗಿದೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ." ಕೆವೈಸಿ ಅವಧಿ ಮುಗಿದವರಿಗೆ ಸ್ವಲ್ಪ ಸಮಯದ ನಂತರ ಪ್ರಯತ್ನಿಸಿದರೆ ಏನು ಸಿಗುತ್ತದೆ? ಅದೇ ಸಂದೇಶ. ಸಂಘದ ಸದಸ್ಯರು ದಿನಗೂಲಿಯವರಾದರೆ ಪ್ರತಿ ಪ್ರಯತ್ನಕ್ಕೂ ಅರ್ಧ ದಿನದ ಕೂಲಿ ಹೋಗುತ್ತದೆ. ಒಂದು ಫೋಟೋ, ಒಂದು ಆಧಾರ್ ಪ್ರತಿ ತಂದಿದ್ದರೆ ಮುಗಿಯುತ್ತಿದ್ದ ಕೆಲಸ ಅದು. ಕೌಂಟರಿನವರೂ ಇದರಲ್ಲಿ ಬಲಿಪಶುವೇ. ಅವರಿಗೂ ಕಾರಣ ಕಾಣುತ್ತಿಲ್ಲ, ಬೈಗುಳ ಮಾತ್ರ ಅವರ ಪಾಲಿಗೆ. ಆಗ ಬಾಯಿಗೆ ಬರುವ ಹಾರಿಕೆಯ ಉತ್ತರವೇ "ಸರ್ವರ್ ಡೌನ್".

ನಿಜ ಹೇಳಿಯೂ ಏನೂ ಹೇಳದ ಸಂದೇಶ

ಕಾರಣ ಕೊನೆಯವರೆಗೆ ತಲುಪಿದರೂ ಅದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇರಬಹುದು. ಇದಕ್ಕೆ ಒಳ್ಳೆಯ ಉದಾಹರಣೆ ಎಸ್‌ಕ್ಯೂಎಲ್ ಸರ್ವರಿನ 8152ನೇ ಎರರ್. ಕಾಲಮ್ಮಿನಲ್ಲಿರುವ ಜಾಗಕ್ಕಿಂತ ಉದ್ದವಾದ ಪಠ್ಯ ತುಂಬಲು ಹೋದರೆ "ಪಠ್ಯ ಅಥವಾ ಬೈನರಿ ಮಾಹಿತಿ ಮೊಟಕಾಗುತ್ತದೆ" ಎಂಬರ್ಥದ ಈ ಸಂದೇಶ ಬರುತ್ತಿತ್ತು. ಯಾವ ಟೇಬಲ್, ಯಾವ ಕಾಲಮ್, ಯಾವ ಪಠ್ಯ ಎಂಬುದು ಇಲ್ಲ. ಐವತ್ತು ಕಾಲಮ್ಮುಗಳ ಟೇಬಲ್ಲಿಗೆ ಹತ್ತು ಸಾವಿರ ಸಾಲು ತುಂಬುವಾಗ ಇದು ಬಂದರೆ ಒಂದೊಂದನ್ನೂ ಅಳೆದು ನೋಡಬೇಕು. ಯಂತ್ರಕ್ಕೆ ಯಾವುದೆಂದು ಗೊತ್ತಿತ್ತು; ಗೊತ್ತಿಲ್ಲದೆ ಅದು ನಿಲ್ಲಿಸಲು ಸಾಧ್ಯವೇ ಇರಲಿಲ್ಲ. ಬಳಕೆದಾರರು ವರ್ಷಗಟ್ಟಲೆ ಗೋಗರೆದ ಮೇಲೆ 2628 ಎಂಬ ಹೊಸ ಎರರ್ ಬಂತು. ಟೇಬಲ್ಲಿನ ಹೆಸರು, ಕಾಲಮ್ಮಿನ ಹೆಸರು, ಮೊಟಕಾದ ಪಠ್ಯ ಮೂರನ್ನೂ ಅದು ಹೇಳುತ್ತದೆ. 2019ರ ಆವೃತ್ತಿಯಿಂದ ಅದೇ ಸಹಜ ನಡವಳಿಕೆ.

ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಲ್ ಗ್ರೈಸ್ ಹೆಸರು ಪರಿಚಿತ. ಮಾತುಕತೆ ನಡೆಯುವುದು ಪರಸ್ಪರ ಸಹಕಾರದಿಂದ, ಕೇಳುವವರಿಗೆ ಬೇಕಾದಷ್ಟನ್ನು, ನಿಜವಾದದ್ದನ್ನು, ಸಂಬಂಧಪಟ್ಟದ್ದನ್ನು, ಸ್ಪಷ್ಟವಾಗಿ ಹೇಳುತ್ತೇವೆಂಬ ನಂಬಿಕೆಯ ಮೇಲೆ ಎಂಬುದು 1975ರಲ್ಲಿ ಅಚ್ಚಾದ ಅವರ ಲೇಖನದ ಸಾರ. 8152 ನಿಜವನ್ನೇ ಹೇಳುತ್ತಿತ್ತು. ಕೇಳುವವರಿಗೆ ಬೇಕಾದಷ್ಟು ಹೇಳುತ್ತಿರಲಿಲ್ಲ. "ನಿಮ್ಮ ಅರ್ಜಿಯಲ್ಲಿ ತಪ್ಪಿದೆ" ಎಂದಷ್ಟೇ ಷರಾ ಬರೆದು ಹಿಂದಿರುಗಿಸುವ ಕಚೇರಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಇದಕ್ಕಿಂತ ಕೆಟ್ಟದ್ದು ಎರರೇ ಏಳದ ತಪ್ಪು. ಅದರಲ್ಲಿ ಕನ್ನಡದ ಪಾಲು ದೊಡ್ಡದು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಪಠ್ಯಕ್ಕೆ ವಾರ್‌ಚಾರ್, ಎನ್‌ವಾರ್‌ಚಾರ್ ಎಂಬ ಎರಡು ಬಗೆ ಇವೆ. ಮೊದಲನೆಯದು ಹಳೆಯ ಕೋಡ್‌ಪೇಜ್ ಲೆಕ್ಕದ್ದು, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಯುಟಿಎಫ್-8 ಆಯ್ಕೆ ಬಂದದ್ದೇ 2019ರಲ್ಲಿ. ಎರಡನೆಯದು ಯೂನಿಕೋಡಿನದು. ಪ್ರೊಸೀಜರಿನ ಒಂದು ಪ್ಯಾರಾಮೀಟರ್ ಮೊದಲ ಬಗೆಯದಾಗಿದ್ದರೆ, ಅಥವಾ ಪಠ್ಯದ ಮುಂದೆ ಹಾಕಬೇಕಾದ ಎನ್ ಅಕ್ಷರ ಬಿಟ್ಟುಹೋದರೆ, "ಶಿವಮೊಗ್ಗ" ಎಂದು ಕೊಟ್ಟದ್ದು ಎಂಟು ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತದೆ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡಿನ ಲೆಕ್ಕಕ್ಕೆ ಎಂಟು. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ರಿಟರ್ನ್ ವ್ಯಾಲ್ಯೂ 0. ವ್ಯವಸ್ಥೆಯ ಪ್ರಕಾರ ಎಲ್ಲ ಸರಿ. ಊರಿನ ಹೆಸರಾದರೆ ಇನ್ನೊಮ್ಮೆ ತುಂಬಬಹುದು. ಫಲಾನುಭವಿಯ ಹೆಸರಾದರೆ, ಮೂಲ ಅರ್ಜಿ ರದ್ದಿಗೆ ಹೋಗಿದ್ದರೆ, ಆ ಚಿಹ್ನೆಗಳಿಂದ ಹೆಸರನ್ನು ಮರಳಿ ಪಡೆಯುವ ದಾರಿಯಿಲ್ಲ. ಇಂಥ ಕಡೆ ಪ್ರೊಸೀಜರೇ ಪರೀಕ್ಷಿಸಿ ನಿರಾಕರಿಸಬೇಕಿತ್ತು. ಸುಳ್ಳು 0ಗಿಂತ ಜೋರಾದ ಎರರ್ ಎಷ್ಟೋ ವಾಸಿ.

ಅನುವಾದಕರ ಮೇಜಿಗೆ ಬರುವಷ್ಟರಲ್ಲಿ

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಎರರ್ ಸಂದೇಶಗಳು ನನಗೆ ಬರುವುದು ಎಕ್ಸೆಲ್ ಹಾಳೆಯಲ್ಲಿ. ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ ಕಾಲಮ್ಮು. ಒಂದು ಕಂಪನಿಯ ಹಾಳೆಯಲ್ಲಿ "ಇನ್‌ವ್ಯಾಲಿಡ್" ಎಂಬ ಒಂಟಿ ಪದ ಹತ್ತಾರು ಕಡೆ ಇತ್ತು. ಯಾವುದು ಇನ್‌ವ್ಯಾಲಿಡ್? ದಿನಾಂಕವೇ, ಪಾಸ್‌ವರ್ಡೇ, ಮನುಷ್ಯರೇ? ಕೇಳಿ ಪತ್ರ ಬರೆದರೆ "ಎಲ್ಲಕ್ಕೂ ಒಂದೇ ಅನುವಾದ ಕೊಡಿ" ಎಂಬ ಉತ್ತರ ಬಂತು. ಕನ್ನಡದ ಪರದೆಗಳಲ್ಲೆಲ್ಲ "ಅಮಾನ್ಯ" ಎಂಬ ಪದ ಜಾಲಿಮುಳ್ಳಿನಂತೆ ಹಬ್ಬಿರುವುದು ಹೀಗೆ. ದಿನಾಂಕ ತಪ್ಪಾಗಿದ್ದರೆ "ಈ ದಿನಾಂಕ ಕ್ಯಾಲೆಂಡರಿನಲ್ಲಿಲ್ಲ" ಎನ್ನಬಹುದಿತ್ತು. ಫೋನ್ ಸಂಖ್ಯೆ ತಪ್ಪಿದ್ದರೆ "ಫೋನ್ ಸಂಖ್ಯೆಯಲ್ಲಿ 10 ಅಂಕಿ ಇರಬೇಕು" ಎನ್ನಬಹುದಿತ್ತು. ಕಾರಣ ಹಾಳೆಗೆ ಬಂದಿರಲಿಲ್ಲ, ಯಾಕೆಂದರೆ ಅದು ಪ್ರೊಸೀಜರಿನಿಂದಲೇ ಹೊರಗೆ ಬಂದಿರಲಿಲ್ಲ. ಅಲ್ಲಿ ಉದುರಿದ್ದನ್ನು ಇಲ್ಲಿ ಅನುವಾದಕರು ಹೆಕ್ಕಿ ತರಲಾಗದು.

ಎರಡನೆಯ ಸಂಗತಿ ವಾಕ್ಯದ ಬಾಳಿಕೆ. "ನಿಮ್ಮ ವಿನಂತಿಯನ್ನು ಪ್ರಕ್ರಿಯೆಗೊಳಿಸಲಾಗಲಿಲ್ಲ" ಎಂಬುದು ಕನ್ನಡದ ಲಿಪಿಯಲ್ಲಿರುವ ಇಂಗ್ಲಿಷ್. ನಮ್ಮಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. "ಹಣ ಹೋಗಲಿಲ್ಲ" ಎನ್ನುತ್ತೇವೆ, "ಅರ್ಜಿ ದಾಖಲಾಗಲಿಲ್ಲ" ಎನ್ನುತ್ತೇವೆ. ನಿರಾಕರಣೆಯ ವಿಷಯದಲ್ಲಿ ಕನ್ನಡ ಬಡ ಭಾಷೆಯಲ್ಲ. "ಆಗಲಿಲ್ಲ" ಎಂದರೆ ಈ ಸಲ ನಡೆಯಲಿಲ್ಲ, ಮತ್ತೆ ನೋಡಬಹುದು. "ಆಗುವುದಿಲ್ಲ" ಎಂದರೆ ಎಷ್ಟು ಸಲ ಬಂದರೂ ಇಷ್ಟೇ. "ಕೂಡದು" ಎಂದರೆ ನಿಯಮ ಅಡ್ಡ ಬರುತ್ತಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಕಟ್ಟುವವರು ಎರರ್ ಸಂದೇಶ ಬರೆಯುವ ಬಗೆಗೇ ಒಂದು ಶೈಲಿ ಕೈಪಿಡಿ ಇಟ್ಟುಕೊಂಡಿದ್ದಾರೆ. ಈ ಸಲ ಆಗದ್ದನ್ನೂ ಎಂದಿಗೂ ಆಗದ್ದನ್ನೂ ಇಂಗ್ಲಿಷಿನ ಎರಡು ಬೇರೆ ಕ್ರಿಯಾಪದಗಳಿಂದ ತೋರಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಅವರು ನಿಯಮ ಮಾಡಿ ಉಳಿಸಿಕೊಂಡ ವ್ಯತ್ಯಾಸ ನಮ್ಮ ಕ್ರಿಯಾಪದಗಳಲ್ಲಿ ಹುಟ್ಟಿನಿಂದಲೇ ಇದೆ. ಸಂಪರ್ಕ ಕಡಿದು ಹಣ ಹೋಗದಿದ್ದರೆ "ಆಗಲಿಲ್ಲ, ಇನ್ನೊಮ್ಮೆ ನೋಡಿ". ಖಾತೆ ಮುಚ್ಚಿದ್ದರೆ "ಆಗುವುದಿಲ್ಲ". ಈ ಎರಡನ್ನು ಬೇರೆ ಮಾಡಿದರೆ ಸಾಕು, ಎಷ್ಟೋ ಜನರ ಎರಡನೆಯ ಓಡಾಟ ತಪ್ಪುತ್ತದೆ. ಆದರೆ ಯಾವ ಸಂದರ್ಭ ಯಾವುದೆಂದು ಅನುವಾದಕರಿಗೆ ತಿಳಿಯಬೇಕಾದರೆ ಪ್ರೊಸೀಜರ್ ಬೇರೆ ಬೇರೆ ಸಂಖ್ಯೆ ಕೊಟ್ಟಿರಬೇಕು. ಮತ್ತೆ ಅಲ್ಲಿಗೇ ಬಂದೆವು.

ಮೂರನೆಯದು ವಿಭಕ್ತಿ. ಸಂದೇಶದ ನಡುವೆ ಖಾತೆಯ ಹೆಸರೋ ಊರಿನ ಹೆಸರೋ ತುಂಬಲು %1 ಎಂಬಂಥ ಖಾಲಿ ಜಾಗ ಬಿಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಅಲ್ಲಿ ಏನು ತುಂಬಿದರೂ ನಡೆಯುತ್ತದೆ. ಕನ್ನಡದಲ್ಲಿ ಪ್ರತ್ಯಯ ಪದಕ್ಕೆ ಅಂಟಬೇಕು: ಮೈಸೂರಿಗೆ, ಬೆಳಗಾವಿಗೆ, ಕಲಬುರಗಿಯಲ್ಲಿ, ಹಾಸನದಲ್ಲಿ. ಹೀಗಾಗಿ "ಮೈಸೂರು ಗೆ ಕಳಿಸಲಾಗಿದೆ" ಎಂಬ ತುಂಡು ತುಂಡು ಕನ್ನಡ ಎಲ್ಲೆಡೆ ಕಾಣುತ್ತದೆ. ಇದಕ್ಕೆ ಪರಿಹಾರ ಸುಲಭದ್ದು, ನಮ್ಮ ಬಳಿ "ಎಂಬ" ಇದೆ. "%1 ಎಂಬ ಶಾಖೆಗೆ", "%1 ಎಂಬ ಖಾತೆಯಲ್ಲಿ" ಎಂದು ಬರೆದರೆ ಪ್ರತ್ಯಯ ಜಾತಿವಾಚಕ ಪದಕ್ಕೆ ಅಂಟುತ್ತದೆ, ಹೆಸರು ತನ್ನ ಪಾಡಿಗೆ ತಾನಿರುತ್ತದೆ. ಹೆಸರು ಹೇಳುವಾಗ ಅದು ಏನು ಎಂಬುದನ್ನೂ ಹೇಳಿ ಎಂದು ಪೋಸ್ಟ್‌ಗ್ರೆಸ್ ಕೈಪಿಡಿಯೂ ಹೇಳುತ್ತದೆ. ವಾಕ್ಯವನ್ನು ತುಂಡುಗಳಿಂದ ಜೋಡಿಸಬೇಡಿ, ಇಡೀ ವಾಕ್ಯ ಕೊಡಿ, ಬೇರೆ ಭಾಷೆಯಲ್ಲಿ ಪದಕ್ರಮ ಬೇರೆ ಇರುತ್ತದೆ ಎಂಬ ಮಾತೂ ಅವರ ದಾಖಲೆಗಳಲ್ಲಿದೆ.

ಜಾಗ ಇದೆ, ನಮಗಿಲ್ಲ

ಎಸ್‌ಕ್ಯೂಎಲ್ ಸರ್ವರಿನಲ್ಲಿ ನಮ್ಮದೇ ಸಂದೇಶಗಳನ್ನು ಸಂಖ್ಯೆ ಕೊಟ್ಟು ನೋಂದಾಯಿಸುವ ಸೌಲಭ್ಯವಿದೆ. 50001ರಿಂದ ಮುಂದಿನ ಸಂಖ್ಯೆಗಳು ಬಳಕೆದಾರರಿಗೆ. ಒಂದೇ ಸಂಖ್ಯೆಗೆ ಮೊದಲು ಇಂಗ್ಲಿಷ್ ಸಂದೇಶ, ಆಮೇಲೆ ಬೇರೆ ಭಾಷೆಗಳ ಸಂದೇಶ ಸೇರಿಸಬಹುದು. ಪದಕ್ರಮ ಬದಲಾಗುವ ಭಾಷೆಗಳಿಗಾಗಿ %1! %2! ಎಂದು ಜಾಗಗಳಿಗೆ ಸಂಖ್ಯೆ ಹಾಕಿ ಹಿಂದುಮುಂದು ಮಾಡುವ ಅವಕಾಶವೂ ಇದೆ. ಕ್ರಿಯಾಪದ ಕೊನೆಗೆ ಬರುವ ಕನ್ನಡಕ್ಕೆ ಹೇಳಿ ಮಾಡಿಸಿದಂತಿದೆ.

ಆದರೆ ಆ ಭಾಷೆ ಸರ್ವರಿನ ಸ್ವಂತ ಭಾಷಾಪಟ್ಟಿಯಲ್ಲಿ ಇರಬೇಕು. ಪಟ್ಟಿಯಲ್ಲಿ ಮೂವತ್ತಕ್ಕೂ ಹೆಚ್ಚು ಹೆಸರುಗಳಿವೆ. ಎಸ್ಟೋನಿಯನ್, ಲಾಟ್ವಿಯನ್, ಸ್ಲೊವೇನಿಯನ್, ಥಾಯ್ ಇವೆ. ಅಮೆರಿಕದ ಇಂಗ್ಲಿಷ್ ಬೇರೆ, ಬ್ರಿಟಿಷ್ ಇಂಗ್ಲಿಷ್ ಬೇರೆ. ಭಾರತದ ಒಂದೇ ಒಂದು ದೇಸಿ ಭಾಷೆ ಇಲ್ಲ; ಕನ್ನಡ ಇಲ್ಲ, ಹಿಂದಿಯೂ ಇಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯೆಂದು ಬರೆಸಿದವರು 4.37 ಕೋಟಿ. ಎಸ್ಟೋನಿಯಾದ ಇಡೀ ಜನಸಂಖ್ಯೆ ಬೆಂಗಳೂರಿನ ಒಂದು ಮೂಲೆಗೆ ಸಾಲದು. ಎಸ್ಟೋನಿಯನ್ನರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ತಮ್ಮ ಭಾಷೆಯಲ್ಲಿ ಕಾರಣ ಬರೆದಿಡಲು ಅವರಿಗೆ ಜಾಗವಿದೆ. ನಮಗಿಲ್ಲ. ಇಂಗ್ಲಿಷಿನಲ್ಲಿ ಬಂದದ್ದನ್ನು ಇಂಗ್ಲಿಷ್ ಬಲ್ಲ ನಾವು ಓದಿ ಸುಮ್ಮನಾದೆವು.

ಇದಕ್ಕೆ ಕಾಯಬೇಕಾಗಿಯೂ ಇಲ್ಲ. ಸಂಖ್ಯೆ, ಭಾಷೆ, ಸಂದೇಶ ಎಂಬ ಮೂರು ಕಾಲಮ್ಮುಗಳ ಒಂದು ಟೇಬಲ್ಲನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಪ್ರೊಸೀಜರ್ ಸ್ಥಿರವಾದ ಸಂಖ್ಯೆಯನ್ನೂ ಬೇಕಾದ ವಿವರಗಳನ್ನೂ ಕೊಡಲಿ. ಪರದೆ ಆ ಸಂಖ್ಯೆಗೆ ಓದುವವರ ಭಾಷೆಯ ವಾಕ್ಯ ಹುಡುಕಲಿ. ಸಂಖ್ಯೆ ಯಂತ್ರಕ್ಕೆ, ವಾಕ್ಯ ಮನುಷ್ಯರಿಗೆ. ಪ್ರೊಸೀಜರಿನ ಒಳಗೇ ಕನ್ನಡ ವಾಕ್ಯ ತುರುಕುವುದು ನನಗೂ ಒಪ್ಪಿಗೆಯಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಹಾಗೆ ಎತ್ತುವ ಸಂದೇಶಕ್ಕೆ 128 ಅಕ್ಷರಗಳ ಮಿತಿಯಿದೆ. ಒಂದು "ಗ್ಗ" ಮೂರು ಅಕ್ಷರ ನುಂಗುವ ನಮ್ಮ ಲಿಪಿಗೆ ಅದು ಬೇಗ ಮುಗಿಯುತ್ತದೆ. ವಾಕ್ಯ ತಿದ್ದಬೇಕಾದಾಗಲೆಲ್ಲ ಪ್ರೊಸೀಜರ್ ಬದಲಿಸುವ ರಗಳೆ ಬೇರೆ.

ಎದುರು ಮಾತುಗಳು

ಮೊದಲ ಆಕ್ಷೇಪ ಭದ್ರತೆಯದು. ಒಳಗಿನ ಎರರನ್ನು ಹೊರಗೆ ತೋರಿಸಿದರೆ ಕಳ್ಳರಿಗೆ ಟೇಬಲ್ಲಿನ ಹೆಸರು, ಸಾಲಿನ ಸಂಖ್ಯೆ ಸಿಗುತ್ತದೆ ಎನ್ನುತ್ತಾರೆ. ಸರಿಯಾದ ಮಾತು. ಲಾಗಿನ್ ಪುಟದಲ್ಲಿ ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ಎಂದು ಬಿಡಿಸಿ ಹೇಳಬಾರದು ಎಂಬುದೂ ಸರಿ. ಕಾರ್ಡ್ ಯಂತ್ರಗಳ ಐಎಸ್ಒ 8583 ಸಂಕೇತಗಳಲ್ಲಿ 51 ಎಂದರೆ ಹಣ ಸಾಲದು, 05 ಎಂದರೆ ಬರೀ "ಮನ್ನಿಸಬೇಡ". ವಂಚನೆಯ ಅನುಮಾನ ಬಂದಾಗ ಬ್ಯಾಂಕು ಅಂಗಡಿಯವರಿಗೆ ಕಾರಣ ಬಿಚ್ಚಿಡದಿರುವುದಕ್ಕೆ ಅರ್ಥವಿದೆ. ಹಾಗಿದ್ದರೂ ಆ ಪಟ್ಟಿಯಲ್ಲೇ 51 ಬೇರೆ, 05 ಬೇರೆ ಇಟ್ಟಿದ್ದಾರೆ ನೋಡಿ. ಮುಚ್ಚಿಡಬೇಕಾದ್ದು ಯಾವುದು ಎಂದು ಯೋಚಿಸಿ ತೀರ್ಮಾನಿಸುವುದಕ್ಕೂ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದಕ್ಕೂ ವ್ಯತ್ಯಾಸವಿದೆ. ಟೇಬಲ್ಲಿನ ಹೆಸರು ಲಾಗ್ ಪುಸ್ತಕಕ್ಕೆ ಹೋಗಲಿ, ಪರದೆಯಲ್ಲಿ ಅದನ್ನು ಹುಡುಕುವ ಉಲ್ಲೇಖ ಸಂಖ್ಯೆ ಇರಲಿ. ತನ್ನದೇ ಖಾತೆಯ ಕೆವೈಸಿ ಅವಧಿ ಮುಗಿದಿದೆ ಎಂಬುದನ್ನು ಖಾತೆದಾರರಿಂದ ಮುಚ್ಚಿಟ್ಟು ಯಾವ ಭದ್ರತೆ ಬರುತ್ತದೆ?

ಎರಡನೆಯದು "ಜನ ಸಂದೇಶ ಓದುವುದೇ ಇಲ್ಲ" ಎಂಬುದು. ಓದಿ ಉಪಯೋಗವಿಲ್ಲದ ಸಂದೇಶಗಳನ್ನು ವರ್ಷಗಟ್ಟಲೆ ತೋರಿಸಿದವರು ಈ ಮಾತು ಹೇಳಬಾರದು. ಮೂರನೆಯದು ಖರ್ಚು. ಹತ್ತು ಕಾರಣಕ್ಕೆ ಹತ್ತು ಸಂಖ್ಯೆ, ಪ್ರತಿಯೊಂದಕ್ಕೂ ವಾಕ್ಯ, ಪ್ರತಿ ವಾಕ್ಯಕ್ಕೂ ಅನುವಾದ. ಖರ್ಚಿದೆ, ಒಪ್ಪುತ್ತೇನೆ, ನನ್ನ ಹೊಟ್ಟೆಪಾಡೂ ಅದರಲ್ಲಿದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಈಗಲೂ ಖರ್ಚು ಆಗುತ್ತಲೇ ಇದೆ. ಕಾಲ್ ಸೆಂಟರಿಗೆ, ಕೌಂಟರಿನ ಜಗಳಕ್ಕೆ, ಸದಸ್ಯರ ಬಸ್ ಚಾರ್ಜಿಗೆ, ಕಳೆದ ಕೂಲಿಗೆ. ಅದು ಕಂಪನಿಯ ಲೆಕ್ಕದಲ್ಲಿ ಕಾಣುವುದಿಲ್ಲ, ಅಷ್ಟೇ.

ಪೋಸ್ಟ್‌ಗ್ರೆಸ್‌ನಲ್ಲಿ ಎರರ್ ಎತ್ತುವಾಗ ಮುಖ್ಯ ಸಂದೇಶದ ಜೊತೆಗೆ ವಿವರ, ಸುಳಿವು ಎಂಬ ಇನ್ನೆರಡು ಭಾಗ ಕೊಡಬಹುದು. ಏನಾಯಿತು, ಯಾಕಾಯಿತು, ಈಗೇನು ಮಾಡಬಹುದು. ಯಾವ ಡೇಟಾಬೇಸ್ ಬಳಸಿದರೂ ಈ ಮೂರು ಪ್ರಶ್ನೆಗಳನ್ನು ಎದುರಿಗಿಟ್ಟುಕೊಳ್ಳಲು ಅಡ್ಡಿಯಿಲ್ಲ. "ಹಣ ತೆಗೆಯಲು ಆಗುವುದಿಲ್ಲ. ನಿಮ್ಮ ಕೆವೈಸಿ ದಾಖಲೆಯ ಅವಧಿ ಮುಗಿದಿದೆ. ಗುರುತಿನ ಚೀಟಿ ಮತ್ತು ಒಂದು ಫೋಟೋ ತಂದುಕೊಟ್ಟರೆ ಖಾತೆ ಮತ್ತೆ ಚಾಲ್ತಿಗೆ ಬರುತ್ತದೆ." ಮೂರು ವಾಕ್ಯ. ಇದರ ಹಿಂದೆ ಇರಬೇಕಾದ್ದು ಒಂದು ಸಂಖ್ಯೆ, ಆ ಸಂಖ್ಯೆಯನ್ನು ದಾರಿಯಲ್ಲಿ ಯಾರೂ ನುಂಗದಿರುವ ಶಿಸ್ತು.

ಪ್ರೊಸೀಜರ್ ಬರೆಯುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಇನ್ನು ಮುಂದೆ "ಮೈನಸ್ 1 ಹಿಂತಿರುಗಿಸು" ಎಂದು ಬರೆಯುವ ಮೊದಲು, ಪಕ್ಕದಲ್ಲಿ ಒಂದು ಕನ್ನಡ ವಾಕ್ಯ ಬರೆದು ನೋಡಿ. ಊರಿನಲ್ಲಿರುವ ನಿಮ್ಮ ದೊಡ್ಡಮ್ಮನೋ ಚಿಕ್ಕಪ್ಪನೋ ಕೌಂಟರಿನಲ್ಲಿ ನಿಂತು ಓದುವಂಥ ವಾಕ್ಯ. ಅದು ಸಲೀಸಾಗಿ ಬಂದರೆ ಅದಕ್ಕೊಂದು ಸ್ವಂತ ಸಂಖ್ಯೆ ಕೊಡಿ. ಬರೆಯಲು ಆಗದಿದ್ದರೆ ಅನುವಾದಕರನ್ನು ಕರೆಯಬೇಡಿ, ಕೋಡನ್ನೇ ಇನ್ನೊಮ್ಮೆ ಓದಿ. ತಾನು ಯಾಕೆ ಬೇಡ ಎನ್ನುತ್ತಿದ್ದೇನೆಂಬುದು ಆ ಪ್ರೊಸೀಜರಿಗೇ ಇನ್ನೂ ಗೊತ್ತಿಲ್ಲ.